ಮುಗಿಯಿತೆಂದು ತಿಳಿಯುವ ಸುಖ

ಮಳೆಗಾಲದಲ್ಲಿ ಪುಣೆಯಿಂದ ಲೋಣಾವಳಾ ಲೋಕಲ್ ಹತ್ತುವವರಲ್ಲಿ ಹೆಚ್ಚಿನವರು ಭುಶಿ ಅಣೆಕಟ್ಟಿಗೆ, ಚಿಕ್ಕಿಗೆ ಹೊರಟವರು. ನಾನು ಲ್ಯಾಪ್‌ಟಾಪ್ ಹೊತ್ತು ಹೋಗುತ್ತೇನೆ. ಹೊರಗೆ ಘಟ್ಟದ ಮಂಜು ಕವಿದಿರುವಾಗ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ರಜೆ. ಅದರಲ್ಲೂ ತೀರದ ಮೋಹ ಒಂದೇ ಕೆಲಸದ ಮೇಲೆ: ಪ್ರೋಗ್ರಾಂ ಹುಟ್ಟಿಸಿದ ಚೈಲ್ಡ್ ಪ್ರೊಸೆಸ್ ಯಾವಾಗ ಮುಗಿಯಿತೆಂದು ಪತ್ತೆಹಚ್ಚುವುದು.

ಯುನಿಕ್ಸ್‌ನಲ್ಲಿ ಫೋರ್ಕ್ ಕರೆದರೆ ಮಗು ಹುಟ್ಟುತ್ತದೆ. ಹುಟ್ಟಿಸುವುದು ಸುಲಭ. ಮುಗಿದದ್ದನ್ನು ತಿಳಿಯುವುದರಲ್ಲಿದೆ ಸೊಗಸು. ಇದ್ದೀಯಾ ಎಂದು ಕಿಲ್ ಕರೆಯ ಮೂಲಕ ಸೊನ್ನೆ ಸಿಗ್ನಲ್ ಕಳಿಸಿ ಕೇಳಿದರೆ, ಸತ್ತು ಝಾಂಬಿಯಾದ ಪ್ರೊಸೆಸ್ ಕೂಡ ಇದ್ದಂತೆಯೇ ಉತ್ತರ ಬರುತ್ತದೆ! ಅದರ ಮೆಮೊರಿ ಹೋಗಿದೆ, ತೆರೆದ ಫೈಲುಗಳು ಮುಚ್ಚಿವೆ. ಆದರೂ ಕರ್ನಲ್ಲಿನ ಪಟ್ಟಿಯಲ್ಲಿ ಅದರ ನಂಬರು, ಎಕ್ಸಿಟ್ ಕೋಡು ಉಳಿದಿರುತ್ತವೆ, ಹೆತ್ತ ಪ್ರೊಸೆಸ್ ಬಂದು ಕೇಳಲೆಂದು. ಕಿಲ್ ಮೈನಸ್ 9 ಹೊಡೆದರೂ ಅದು ಅಲ್ಲಾಡುವುದಿಲ್ಲ. ಹೆತ್ತ ಪ್ರೊಸೆಸ್ ವೇಟ್‌ಪಿಡ್ ಕರೆದು ಆ ಕೋಡನ್ನು ಕೇಳಿ ಪಡೆದರೆ ಬಿಡುಗಡೆ. ಲೋಣಾವಳಾ ಸ್ಟೇಷನ್ನಿನಲ್ಲಿ ಗಾಡಿಯ ಕೊನೆಯ ಬೋಗಿಯ ಬೆನ್ನಿಗಿರುವ 'ಎಲ್‌ವಿ' ಫಲಕ ಕಂಡಾಗಲೆಲ್ಲ ನನಗೆ ಎಕ್ಸಿಟ್ ಕೋಡಿನ ನೆನಪು. ಗಾಡಿ ಇಡಿಯಾಗಿ ಬಂತು, ಹಿಂದೆ ಏನೂ ಕಳಚಿ ಉಳಿದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಮಗು ಮುಗಿದೊಡನೆ ಕರ್ನಲ್ ಸಿಗ್‌ಚೈಲ್ಡ್ ಎಂಬ ಸಿಗ್ನಲ್ ಕಳಿಸುತ್ತದೆ. ಇದು ಸರದಿಯಲ್ಲಿ ನಿಲ್ಲದ ಸಿಗ್ನಲ್. ಮೂರು ಮಕ್ಕಳು ಒಟ್ಟಿಗೆ ಮುಗಿದರೆ ಒಂದೇ ಸಲ ತಲುಪಬಹುದು. ಆದ್ದರಿಂದ ಸಿಗ್ನಲ್ ಬಂದಾಗ ಒಮ್ಮೆ ಕೇಳಿ ಸುಮ್ಮನಾಗಬಾರದು. ಕಾಯದೆ ಮರಳುವ ಡಬ್ಲ್ಯುನೋಹ್ಯಾಂಗ್ ಆಯ್ಕೆ ಕೊಟ್ಟು, ಮುಗಿದವು ಇನ್ನಿಲ್ಲ ಎನ್ನುವವರೆಗೂ ಲೂಪಿನಲ್ಲಿ ವೇಟ್‌ಪಿಡ್ ಕರೆಯಬೇಕು. ಈ ನಾಲ್ಕು ಸಾಲಿನ ಲೂಪನ್ನು ಎಷ್ಟು ಸಲ ಬರೆದರೂ ನನಗೆ ಬೇಸರವಿಲ್ಲ.

2019ರಲ್ಲಿ ಲಿನಕ್ಸ್‌ಗೆ ಬಂದ ಪಿಡ್‌ಎಫ್‌ಡಿ ಇನ್ನೂ ಚೆಂದ. ಪ್ರೊಸೆಸ್ಸಿಗೇ ಒಂದು ಫೈಲ್ ಡಿಸ್ಕ್ರಿಪ್ಟರ್! ಸಾಕೆಟ್ಟುಗಳ ಜೊತೆಗೆ ಅದನ್ನೂ ಪೋಲ್‌ಗೆ ಒಪ್ಪಿಸಿದರಾಯಿತು, ಪ್ರೊಸೆಸ್ ಮುಗಿದೊಡನೆ ಎಚ್ಚರಿಸುತ್ತದೆ. ಹಳೆಯ ನಂಬರು ಬೇರೆ ಪ್ರೊಸೆಸ್ಸಿಗೆ ಹೋಗಿ ಮೋಸವಾಗುವ ಭಯವೂ ಇಲ್ಲ. ಹೊಸದಾಗಿ ಬರೆಯುವುದಿದ್ದರೆ ನನ್ನ ಆಯ್ಕೆ ಇದೇ.

ಈ ಕೆಲಸಕ್ಕೆ ಕೈಹಾಕುವ ಕಿರಿಯರಲ್ಲಿ ನನ್ನ ಕೇಳಿಕೆ ಒಂದೇ: ಫೋರ್ಕ್ ಬರೆದ ದಿನವೇ ವೇಟ್‌ಪಿಡ್ಡನ್ನೂ ಬರೆದು ಏಳಿ.