ಕರಗುವ ಭಾಜಕ

ಇಳಿಜಾರಿನಲ್ಲಿ ಉರುಳುವ ಬಂಡಿಯ ದ್ರವ್ಯರಾಶಿ, ಅಂದರೆ ಅದರಲ್ಲಿರುವ ದ್ರವ್ಯದ ಒಟ್ಟು ಪ್ರಮಾಣ, ಬದಲಾಗುವುದಿಲ್ಲವಾದ್ದರಿಂದ ಬಲವನ್ನು ಅದರಿಂದ ಭಾಗಿಸಿದೊಡನೆ ವೇಗೋತ್ಕರ್ಷ, ಅಂದರೆ ವೇಗ ಏರುವ ದರ, ದೊರೆತುಬಿಡುತ್ತದೆ. ರಾಕೆಟ್ಟಾದರೋ ತನ್ನ ಒಡಲನ್ನೇ ಉರಿಸಿ ಹಿಂದಕ್ಕೆ ಉಗುಳುತ್ತ ಸಾಗುವುದರಿಂದ ಭಾಜಕವೇ ಕ್ಷಣಕ್ಷಣಕ್ಕೂ ಕರಗುತ್ತಿರುತ್ತದೆ. ಈ ಲೆಕ್ಕದ ಸೊಗಸೆಲ್ಲ ಅಲ್ಲಿದೆ.

100 ಟನ್ ತೂಗುವ ರಾಕೆಟ್ಟೊಂದು ಸೆಕೆಂಡಿಗೆ 600 ಕಿಲೋಗ್ರಾಂ ಅನಿಲವನ್ನು ಸೆಕೆಂಡಿಗೆ 2,500 ಮೀಟರ್ ವೇಗದಲ್ಲಿ ಹೊರದೂಡುತ್ತದೆ ಎಂದಿಟ್ಟುಕೊಂಡರೆ, ಇವೆರಡರ ಗುಣಲಬ್ಧವಾದ 15 ಲಕ್ಷ ನ್ಯೂಟನ್ ಅದರ ನೂಕುಬಲ. ನೆಲ ಬಿಡುವ ಗಳಿಗೆಯಲ್ಲಿ ಇದನ್ನು ಒಂದು ಲಕ್ಷ ಕಿಲೋಗ್ರಾಮಿನಿಂದ ಭಾಗಿಸಿ ಭೂಮಿಯ ಸೆಳೆತದ 9.8 ಕಳೆದರೆ, ವೇಗ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 5.2 ಮೀಟರಿನಷ್ಟು ಏರುವುದು ಕಾಣುತ್ತದೆ. ನೂರು ಸೆಕೆಂಡಿನ ಬಳಿಕ 40 ಟನ್ ಮಾತ್ರ ಉಳಿದಾಗ, ನೂಕುಬಲ ಎಳ್ಳಷ್ಟೂ ಹೆಚ್ಚದಿದ್ದರೂ ಆ ದರ 27.7 ಆಗಿರುತ್ತದೆ. ಹತ್ತು ಹತ್ತು ಸೆಕೆಂಡಿಗೊಂದು ಸಾಲಿನಂತೆ ಕಾಗದದ ಮೇಲೆ ಕೋಷ್ಟಕ ಬರೆದು ನೋಡುವುದರಲ್ಲಿಯೇ ನಿಜವಾದ ಸುಖವಿದೆ, ಏಕೆಂದರೆ ಮೊದಲ ಸಾಲಿನಲ್ಲಿ ಸುಮಾರು 1ರಷ್ಟು ಏರಿದ ವೇಗೋತ್ಕರ್ಷ ಕೊನೆಯ ಸಾಲಿನಲ್ಲಿ ಸುಮಾರು 5ರಷ್ಟು ಜಿಗಿಯುತ್ತದೆ. ಏರಿಕೆ ಹೀಗೆ ಅಸಮವಾಗಿರುವುದರಿಂದ ಸರಾಸರಿಯನ್ನು ನಂಬುವಂತಿಲ್ಲ. ಅತಿಸಣ್ಣ ಕ್ಷಣಗಳ ಗಳಿಕೆಯನ್ನು ಕೂಡಿಸುವ ಕಲನಶಾಸ್ತ್ರವು 2,500ನ್ನು ಮೊದಲ ಮತ್ತು ಕೊನೆಯ ದ್ರವ್ಯರಾಶಿಗಳ ಅನುಪಾತದ, ಎಂದರೆ 2.5ರ, ಸ್ವಾಭಾವಿಕ ಲಘುಗಣಕದಿಂದ ಗುಣಿಸಿ ಸುಮಾರು 2,290 ಎನ್ನುತ್ತದೆ. ಆ ನೂರು ಸೆಕೆಂಡಿನಲ್ಲಿ ಸೆಳೆತ ಕಸಿದುಕೊಂಡ 980ನ್ನು ಕಳೆದರೆ, ಗಾಳಿಯ ತಡೆಯನ್ನು ಬದಿಗಿಟ್ಟು, ಸೆಕೆಂಡಿಗೆ 1,310 ಮೀಟರ್ ವೇಗ ಉಳಿಯುತ್ತದೆ.

ಈ ಸೂತ್ರಕ್ಕೆ 1903ರಲ್ಲಿ ಅದನ್ನು ಪ್ರಕಟಿಸಿದ ರಷ್ಯದ ತ್ಸಿಯೋಲ್ಕೋವ್ಸ್ಕಿಯ ಹೆಸರು ಅಂಟಿಕೊಂಡಿದ್ದರೂ, ತೂಕ ಕಳೆದುಕೊಳ್ಳುತ್ತ ಓಡುವ ರಾಕೆಟ್ಟಿನ ಗಣಿತವನ್ನು ಇಂಗ್ಲೆಂಡಿನ ವೂಲಿಚ್ ಸೈನಿಕ ಅಕಾಡೆಮಿಯ ವಿಲಿಯಂ ಮೂರ್ 1813ರ ಗ್ರಂಥದಲ್ಲೇ ಬಿಡಿಸಿದ್ದನು. ಅವನ ಕಾಲದಲ್ಲಿ ಅಲ್ಲಿ ಸುದ್ದಿಯಲ್ಲಿದ್ದವು ಇಂಗ್ಲೆಂಡಿನವನೇ ಆದ ಕಾಂಗ್ರೀವ್ ರೂಪಿಸಿದ ಯುದ್ಧದ ರಾಕೆಟ್ಟುಗಳು. ಅವುಗಳಿಗೆ ಪ್ರೇರಣೆಯಾದವು ಹೈದರ್ ಮತ್ತು ಟಿಪ್ಪುವಿನ ಸೇನೆ ಬ್ರಿಟಿಷರ ಮೇಲೆ ಹಾರಿಸಿದ್ದ ಮೈಸೂರಿನ ರಾಕೆಟ್ಟುಗಳು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ, ಅಂದರೆ ಹಿಂದಿನ ಬಿದನೂರಿನ, ಪಾಳುಬಾವಿಯೊಂದರಿಂದ ಅಂಥ ರಾಕೆಟ್ಟುಗಳ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಹೊರಬಂದವು. ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣ ತಾಳುತ್ತಿದ್ದುದರಿಂದ ಅನಿಲ ಹೆಚ್ಚು ರಭಸದಿಂದ ಹೊರಬಿದ್ದು ನೂಕುಬಲ ಹೆಚ್ಚುತ್ತಿತ್ತು. ಆದರೆ ಮದ್ದು ತೀರಿದ ಮೇಲೂ ಆ ಕಬ್ಬಿಣದ ತೂಕ, ದಿಕ್ಕು ಕಾಯಲೆಂದು ಕಟ್ಟಿದ ಬಿದಿರಿನ ತೂಕ, ಎರಡೂ ಹಾಗೆಯೇ ಉಳಿಯುತ್ತಿದ್ದವು. ಒಟ್ಟು ತೂಕದ ಮೂರನೆಯ ಒಂದು ಪಾಲು ಮದ್ದೆಂದು ಭಾವಿಸಿದರೆ ಅನುಪಾತ ಒಂದೂವರೆ, ಅದರ ಲಘುಗಣಕ ಬರಿಯ 0.405. ಭಾರತದ ಇಂದಿನ ಪಿಎಸ್‌ಎಲ್‌ವಿ ರಾಕೆಟ್ಟನ್ನು ನಾಲ್ಕು ಹಂತಗಳಾಗಿ ಕಟ್ಟುವುದು ಈ ತೊಡಕನ್ನು ದಾಟುವುದಕ್ಕಾಗಿಯೇ: ಬರಿದಾದ ಹಂತವನ್ನು ಕಳಚಿಹಾಕಿದ ಕ್ಷಣದಲ್ಲಿ ಭಾಜಕ ಒಮ್ಮೆಲೇ ಕುಗ್ಗಿ, ಮುಂದಿನ ಹಂತದ ಲೆಕ್ಕ ಹೊಸ ಅನುಪಾತದಿಂದ ಆರಂಭವಾಗುತ್ತದೆ.