ಯಾವ ಮಗ್ಗಲಿಗೆ ಬಿದ್ದೆ?

ತಾಲೀಮು ಎಂದರೆ ನಮಗೆ ನಾಟಕದವರ ನೆನಪಾಗುತ್ತದೆ. ಇಲ್ಲವೆ ಮೈ ಹುರಿಗೊಳಿಸುವ ಪೈಲ್ವಾನರ ನೆನಪಾಗುತ್ತದೆ. ಉರ್ದು ಬಲ್ಲವರನ್ನು ಕೇಳಿದರೆ, ಆ ಮಾತಿಗೆ ಶಿಕ್ಷಣವೆಂದೇ ಅರ್ಥ ಹೇಳುತ್ತಾರೆ. ಬೀದರಿನ ಹಳೆಯ ಊರಿಗೆ ಈ ಎರಡು ಅರ್ಥಗಳೂ ಗೊತ್ತು. ಚೌಬಾರಾ ಬುರುಜಿನಿಂದ ಕೋಟೆಯ ಕಡೆಗೆ ನಡೆದರೆ, 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಸಿಕ್ಕುತ್ತದೆ; ಅದು ಪುಸ್ತಕದ ವಿದ್ಯೆಗೆ. ಓಣಿಗಳನ್ನು ಹೊಕ್ಕರೆ ಸಿದ್ದಿಕ್ ಶಾ ತಾಲೀಮು, ನೂರ್ ಖಾನ್ ತಾಲೀಮು ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಅವು ಮಣ್ಣಿನ ವಿದ್ಯೆಗೆ. ಇಂದು ಅನೇಕರಿಗೆ ಅವು ಬರಿಯ ವಿಳಾಸಗಳು. ಆದರೂ ಪಾಠಕ್ಕೂ ಗರಡಿಗೂ ಒಂದೇ ಮಾತು ಸಾಕೆಂದುಕೊಂಡ ಹಿರಿಯರು ದಡ್ಡರಲ್ಲವೆಂದು, ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ನನಗೆ ಆಗಾಗ ತೋರುವುದುಂಟು.

ಏಕೆಂದರೆ ನಮ್ಮ ತರಗತಿಗಳಲ್ಲಿ ಸೋಲುವುದನ್ನು ಕಲಿಸುವ ಪಠ್ಯವಿಲ್ಲ. ನಪಾಸಾದ ಹುಡುಗ ಅಂಕಪಟ್ಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡು, ಯಾರ ಕಣ್ಣಿಗೂ ಬೀಳದಂತೆ ಹೊರಟುಹೋಗುತ್ತಾನೆ. ಕುಸ್ತಿಯ ಕಣದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ನಾಲ್ಕೂ ಕಡೆ ಜನ. ಬಿದ್ದವನು ಊರೆದುರಿಗೇ ಬೀಳಬೇಕು, ಊರೆದುರಿಗೇ ಏಳಬೇಕು.

ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನಮ್ಮ ಕಡೆಯ ಜಾತ್ರೆಗಳಲ್ಲಿ ಕುಸ್ತಿ ತೆಂಗಿನಕಾಯಿಯಿಂದ ಆರಂಭವಾಗಿ ಬೆಳ್ಳಿಯ ಕಡಗದಲ್ಲಿ ಮುಗಿಯುತ್ತದೆ. ಕಡಗ ದೊಡ್ಡ ಪೈಲ್ವಾನರಿಗೆ, ಕಾಯಿ ಚಿಕ್ಕ ಹುಡುಗರಿಗೆ. ಹಿರಿಯರು ಹುಡುಗರ ಮೈಕಟ್ಟನ್ನು ಕಣ್ಣಿನಲ್ಲೇ ತೂಗಿ ಜೋಡಿ ಕೂಡಿಸುತ್ತಾರೆ. ಸಮನಲ್ಲದ ಜೋಡಿಯಾದರೆ ಜನ ಒಪ್ಪುವುದಿಲ್ಲ. ನ್ಯಾಯವೆಂದರೇನು ಎಂಬ ಪಾಠ, ನೋಡಿ, ಕುಸ್ತಿ ಹಿಡಿಯುವ ಮೊದಲೇ ಮುಗಿದುಹೋಯಿತು!

ಒಂದು ವರ್ಷ ಅಲ್ಲಿ ಹತ್ತು ವರ್ಷದ ಹುಡುಗನೊಬ್ಬ ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಿತ್ತಾದ. ಮೈಯೆಲ್ಲ ಮಣ್ಣು, ಕಣ್ಣಿನಲ್ಲಿ ನೀರು. ಓಡಿಬಂದು ಮುತ್ಯಾನ ಧೋತರದಲ್ಲಿ ಮುಖ ಹುದುಗಿಸಿದ. ಮುದುಕ ಬೈಯಲಿಲ್ಲ, 'ಹೋಗಲಿ ಬಿಡು' ಎಂದೂ ಅನ್ನಲಿಲ್ಲ. ಬೆನ್ನಿನ ಮಣ್ಣು ಜಾಡಿಸುತ್ತ, "ಯಾವ ಮಗ್ಗಲಿಗಿ ಬಿದ್ದಿ, ಹೇಳು" ಎಂದ. ಹುಡುಗ ಅಳು ನಿಲ್ಲಿಸಿ ಯೋಚಿಸಿದ. "ಎಡಕ್ಕ." "ಹಂಗಾದ್ರ ಎಡಗಾಲು ಹಗುರ ಇಟ್ಟಿದ್ದಿ." ಅಷ್ಟೆ. ಅಷ್ಟರಲ್ಲಿ ಗೆದ್ದ ಹುಡುಗನ ಕಾಯಿ ಒಡೆದಿತ್ತು. ಒಂದು ಚೂರು ಇವನ ಕೈಗೂ ಬಂತು, ಇವನೂ ತಿಂದ.

ಆ ಪ್ರಶ್ನೆಯಲ್ಲಿ ಎಷ್ಟೊಂದು ಪ್ರೀತಿಯಿದೆ! ಸೋಲು ಅವಮಾನವೂ ಅಲ್ಲ, ಮರೆತುಬಿಡುವಂಥದೂ ಅಲ್ಲ. ಅದು ಬಿಡಿಸಿ ನೋಡಬೇಕಾದ ಗಂಟು ಎಂದು ಮುದುಕ ಉಪದೇಶವಿಲ್ಲದೆ ಹೇಳಿಬಿಟ್ಟಿದ್ದ. ನಮ್ಮ ನೆರೆಯ ಮಹಾರಾಷ್ಟ್ರದ ಖಾಶಾಬಾ ಜಾಧವ್ ಅವರಿಗೆ ಕುಸ್ತಿ ಕಲಿಸಿದವರೂ ಮೊದಲಿಗೆ ತಂದೆಯೇ. ಮಣ್ಣಿನಲ್ಲಿ ಬೆಳೆದ ಅವರಿಗೆ 1948ರ ಲಂಡನ್ ಒಲಿಂಪಿಕ್ಸಿನ ಮ್ಯಾಟು ಹೊಸದಾಗಿತ್ತು, ಆರನೆಯವರಾದರು. ನಾಲ್ಕು ವರ್ಷ ಅಭ್ಯಾಸ ಮಾಡಿ, 1952ರಲ್ಲಿ ಹೆಲ್ಸಿಂಕಿಯಿಂದ ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದ ಮೊದಲ ಒಲಿಂಪಿಕ್ ಪದಕ ಅದು. ಲಂಡನ್ನಿನಲ್ಲಿ ಯಾವ ಮಗ್ಗಲಿಗೆ ಬಿದ್ದೆನೆಂಬುದನ್ನು ಅವರು ಮರೆತಿರಲಾರರು.

ಕುಸ್ತಿ ಒಬ್ಬೊಬ್ಬರ ಆಟವಾಯಿತು. ಭಾಲ್ಕಿಯಲ್ಲಿರುವ ನನ್ನ ತಂಗಿಯ ಮಗಳದು ಖೋ ಖೋ. ಎಂಟು ಮಂದಿ ಸಾಲಾಗಿ ಕೂಡುತ್ತಾರೆ. ಒಬ್ಬರ ಮುಖ ಈಚೆಗೆ, ಪಕ್ಕದವರದು ಆಚೆಗೆ. ಬೆನ್ನ ಹಿಂದೆ ಬಂದು ಮುಟ್ಟಿ 'ಖೋ' ಎನ್ನುವವರೆಗೆ ಏಳಕೂಡದು. "ಮಾಮಾ, ಕೂಡೋದೇ ಓಡೋದಕ್ಕಿಂತ ಕಠಿಣ ಅದ" ಎಂದು ಅವಳು ಒಮ್ಮೆ ಹೇಳಿದಳು. ಸರದಿ ಬರುವ ತನಕ ಸಿದ್ಧವಾಗಿ ಕಾಯುವುದು ಎಷ್ಟು ಕಷ್ಟವೆಂಬುದು, ನಲವತ್ತು ದಾಟಿದ ಮೇಲೂ ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಆದರೆ ಅವಳ ಪಂದ್ಯ ನೋಡಲು ಹೋದಾಗ ನನ್ನ ಗಮನ ಮಕ್ಕಳಿಗಿಂತ ಗೆರೆಯಾಚೆಯ ತಂದೆತಾಯಿಗಳ ಕಡೆಗೇ ಹೋಯಿತು. "ಏಳು! ಓಡು! ಆ ಕಡಿಗಿ ಹೋಗು!" ಎಂದು ಒಬ್ಬರಿಗಿಂತ ಒಬ್ಬರು ಗಟ್ಟಿಯಾಗಿ ಕೂಗುತ್ತಿದ್ದರು. ಪುಟ್ಟ ಹುಡುಗಿಯೊಬ್ಬಳು ಆ ಗದ್ದಲಕ್ಕೆ ಗಾಬರಿಯಾಗಿ, ಖೋ ಸಿಗುವ ಮೊದಲೇ ಎದ್ದಳು. ಫೌಲು! ಕೂಗಿದ ತಂದೆಯೇ ಹಣೆ ಚಚ್ಚಿಕೊಂಡ. ಅವಳು ಕೇಳಬೇಕಾಗಿದ್ದುದು ಗೆಳತಿಯ ಸಣ್ಣ ದನಿಯನ್ನು. ಕೇಳಿದ್ದು ಅಪ್ಪನ ದೊಡ್ಡ ದನಿಯನ್ನು. ಬುದ್ಧಿ ಕಲಿಸುವ ಅವಸರದಲ್ಲಿ ಹಿರಿಯರು ಅನೇಕ ಸಲ ಹೀಗೆಯೇ ಆಟ ಕಲಿಸುತ್ತಿದ್ದ ಬುದ್ಧಿಗೆ ಅಡ್ಡ ಬರುತ್ತಾರೆ.

ಹಾಗಾದರೆ ಮನೆಯವರಿಗೆ ಕೆಲಸವೇ ಇಲ್ಲವೆ? ಇದೆ, ಆದರೆ ಅದು ಆಟ ಮುಗಿದ ಮೇಲಿನ ಕೆಲಸ. ತಂಗಿಯ ಅತ್ತೆ ಅದನ್ನು ಚೆನ್ನಾಗಿ ಬಲ್ಲರು. ಮೊಮ್ಮಗಳು ಧೂಳುಮೈಯಿಂದ ಬಾಗಿಲಿಗೆ ಬಂದರೆ, 'ಗೆದ್ದೆಯಾ?' ಎಂದು ಯಾರೂ ಕೇಳುವಂತಿಲ್ಲ. ಮೊದಲು ಕೈಕಾಲು ತೊಳೆಯಬೇಕು, ಎರಡು ಜೋಳದ ರೊಟ್ಟಿ ಹೊಟ್ಟೆಗೆ ಸೇರಬೇಕು. ಎರಡನೆಯ ರೊಟ್ಟಿ ಅರ್ಧವಾಗುವ ಹೊತ್ತಿಗೆ ಅವಳೇ ಬಾಯಿ ಬಿಡುತ್ತಾಳೆ: "ಅಮ್ಮಾ, ಇವತ್ತ ಸೋತಿವಿ."

ಮುದುಕಿ ಮೂರನೆಯ ರೊಟ್ಟಿಯನ್ನು ತಟ್ಟೆಗೆ ಹಾಕುತ್ತ, "ಹೌದಾ? ಹ್ಯಾಂಗ ಸೋತಿರಿ, ಹೇಳು ನೋಡಮ್" ಎನ್ನುತ್ತಾರೆ.