ಅಕ್ಕಿ ಕಾಯೋಕೊಂದು ಕೋಟೆ

ಬಾರ್ಸೆಲೋರ್ ಅಂದ ಕೂಡಲೇ ಸ್ಪೇನಿನ ಬಾರ್ಸಿಲೋನಾ ನೆನಪಾಯ್ತಾ? ಅಲ್ಲ ಸ್ವಾಮಿ, ಅದು ನಮ್ಮ ಬಸರೂರು! ಪೋರ್ಚುಗೀಸರ ಬಾಯಲ್ಲಿ ಹಾಗಾಗಿತ್ತು ಅಷ್ಟೆ.

ನಮ್ಮೂರು ಹಟ್ಟಿಯಂಗಡಿ. ಸಿದ್ಧಿವಿನಾಯಕ ದೇವಸ್ಥಾನದಿಂದಾಗಿ ಹೆಸರು ಕೇಳಿರ್ತೀರಿ. ನಮ್ಮ ವಾರಾಹಿ ಹೊಳೆಯ ದಂಡೆಯಲ್ಲೇ ಬಸರೂರೂ ಇರೋದು. 1569ರಲ್ಲಿ ಪೋರ್ಚುಗೀಸರು ಇಲ್ಲಿಗೆ ದಂಡೆತ್ತಿ ಬಂದು, ಪೇಟೆಯಿಂದ ಕೆಳಗೆ, ಸಮುದ್ರದ ಕಡೆಗೆ ತಮ್ಮದೊಂದು ಕೋಟೆ ಮಾಡಿಕೊಂಡರು. ಯಾಕೆ ಗೊತ್ತಾ? ಚಿನ್ನಕ್ಕಲ್ಲ, ಅಕ್ಕಿಗೆ! ಗೋವಾದ ಹೊಟ್ಟೆ ತುಂಬ್ತಾ ಇದ್ದದ್ದು ಬಸರೂರು, ಮಂಗಳೂರು ಕಡೆಯ ಅಕ್ಕಿಯಿಂದ. ಇಲ್ಲಿನ ಅರಸರಿಂದ ಅವರು ಕಪ್ಪ ಅಂತ ತಗೊಳ್ತಾ ಇದ್ದದ್ದೂ ಅಕ್ಕಿಯನ್ನೇ.

1623ರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೆ ಅನ್ನೋ ಇಟಲಿಯ ಪ್ರವಾಸಿ ಇಕ್ಕೇರಿಗೆ ಹೋದವನು ಈ ಕೋಟೆಯನ್ನೂ ನೋಡಿದ್ದ. ಬಹಳ ಚಿಕ್ಕದು, ಹೆಚ್ಚುಕಮ್ಮಿ ನಕ್ಷತ್ರದ ಆಕಾರ, ಗೋಡೆಗಳೇನೋ ಪರವಾಗಿಲ್ಲ, ಆದರೆ ಕಂದಕ ಇಲ್ಲ, ಜಾಗವೂ ಬಟ್ಟಬಯಲು ಅಂತ ಬರೆದಿದ್ದಾನೆ. ಇಂಜಿನಿಯರಿಂಗ್ ಓದಿದ ನನಗೆ ಈ ನಕ್ಷತ್ರ ಭಾರೀ ಇಷ್ಟವಾಯ್ತು. ನೇರ ಗೋಡೆಯ ಬುಡಕ್ಕೇ ಶತ್ರು ಬಂದು ನಿಂತರೆ ಮೇಲಿಂದ ಕಾಣೋದಿಲ್ಲ. ಮೂಲೆಗಳು ಹೊರಗೆ ಚಾಚಿಕೊಂಡಿದ್ದರೆ ಒಂದು ಮೂಲೆಯ ಫಿರಂಗಿ ಪಕ್ಕದ ಗೋಡೆಯ ಬುಡವನ್ನು ಕಾಯುತ್ತೆ. ಒಳ್ಳೇ ಡಿಸೈನು, ಆದರೆ ಕಂದಕ ಇಲ್ಲದ ಮೇಲೆ ಅರ್ಧ ಕೆಲಸ ಆದ ಹಾಗೆ.

1635ರಲ್ಲಿ ಅಂತೋನಿಯೋ ಬೊಕಾರೋ ಪೋರ್ಚುಗೀಸರ ಕೋಟೆಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಬಾರ್ಸೆಲೋರಿನ ಬಣ್ಣದ ಚಿತ್ರವೂ ಇದೆ. ಪೋರ್ಚುಗಲ್ಲಿನ ಎವೊರಾ ಲೈಬ್ರರಿಯಲ್ಲಿ ಅದನ್ನು ಜೋಪಾನವಾಗಿ ಇಟ್ಟಿದ್ದಾರೆ. ಕೋಟೆ ಮಾತ್ರ 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನ ಪಾಲಾಯ್ತು. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಬಸರೂರನ್ನು ಲೂಟಿ ಮಾಡಿದ. ಇವತ್ತು ಕುಂದಾಪುರಕ್ಕೆ ಬಂದರೆ ಬೇಕಲದ ಹಾಗೆ ಎದ್ದು ಕಾಣುವ ಕೋಟೆಯೇನೂ ಇಲ್ಲ.

ಇದನ್ನೆಲ್ಲ ಓದಿದ ಉತ್ಸಾಹದಲ್ಲಿ ಊರಿಗೆ ಫೋನ್ ಮಾಡಿ ದೊಡ್ಡಪ್ಪಯ್ಯನಿಗೆ ಹೇಳಿದೆ. ಅವರು ನಕ್ಕು ಅಂದರು: "ಅವ್ರ್ ಅಕ್ಕಿ ಕಾವುಕೆ ಕೋಟಿ ಕಟ್ರ್ ಅಂಬ್ಯಲೆ ಮಾಣಿ, ನಮ್ಗೆ ನಟ್ಟಿ ಮಾಡುಕೇ ಜನ ಇಲ್ಲೆ!"

ಮಾತು ಸುಳ್ಳಲ್ಲ. ಸುಗ್ಗಿ ಬೆಳೆ ಬಿಟ್ಟು ಎಷ್ಟೋ ವರ್ಷವಾಯ್ತು. ಕಾರ್ತಿ ಬೆಳೆಯನ್ನೂ ಬಿಟ್ಟು ಗದ್ದೆ ಹಡಿಲು ಹಾಕೋಣ, ಅಂಗಡಿ ಅಕ್ಕಿಯೇ ಅಗ್ಗ ಅಂತಾರೆ ಬೆಂಗಳೂರಿನಲ್ಲಿರುವ ಅಣ್ಣಂದಿರು. ಲೆಕ್ಕ ಹಾಕಿದರೆ ಅವರದ್ದೇ ಸರಿ. ನಾನೂ ಎಕ್ಸೆಲ್ಲಿನಲ್ಲಿ ಹಾಕಿ ನೋಡಿದೆ, ನಷ್ಟವೇ.

ಆದರೂ ಈ ಸಲದ ನಾಟಿ ಮಷೀನಿನ ಬಾಡಿಗೆ ನಾನು ಕೊಡ್ತೀನಿ ಅಂದಿದ್ದೀನಿ. ಸಮುದ್ರ ದಾಟಿ ಬಂದವರು ಕೋಟೆ ಕಟ್ಟಿಕೊಂಡು ಕೂತದ್ದು ಈ ಹೊಳೆ ಬದಿಯ ಅಕ್ಕಿಗೆ. ಮುನ್ನೂರೈವತ್ತು ಕಿಲೋಮೀಟರ್ ಆಚೆ ಏಸಿಯಲ್ಲಿ ಕೂತಿರೋ ನನಗೆ ಒಂದು ಬೆಳೆಯ ಬಾಡಿಗೆ ಹೆಚ್ಚಾ? ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣ.